ಏಳು ಇಪ್ಪತ್ತೆರಡರ ಕಾರು

ನಮ್ಮ ಸೋದರಮಾವ ಕಾರು ಮಾಡಿದ ಕಥೆಯನ್ನು ಬಿಡಿಬಿಡಿಯಾಗಿ ಎಲ್ಲರಿಗೂ ಹೇಳಿದ್ದೇನೆ. ಇವತ್ತು ಹೇಗೂ ಮಳೆ ಹಿಡಿದಿದೆ, ಯಾರಿಗೂ ಎದ್ದು ಹೋಗುವ ಅವಸರವಿಲ್ಲ, ಪೂರ್ತಿ ಹೇಳಿಬಿಡುತ್ತೇನೆ. ಯಾವ ವರ್ಷ ಅಂತ ಮಾತ್ರ ಕೇಳಬೇಡಿ. ನಾನಾಗ ಹೈಸ್ಕೂಲಿನಲ್ಲಿದ್ದೆ. ಮಾವನ ತಲೆಕೂದಲು ಇನ್ನೂ ಕಪ್ಪಗಿತ್ತು. ವಿಲ್ಸನ್ ಗಾರ್ಡನ್ನಿನ ಅವರ ಹೆಂಚಿನ ಮನೆಯ ಹಿತ್ತಲಲ್ಲಿ ಸೀಬೆಮರವಿತ್ತು, ಪಕ್ಕದ ಮನೆಯವರು ಹಸು ಕಟ್ಟಿದ್ದರು.

ಮಾವ ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ ಟೂಲ್ ರೂಮ್ ಫಿಟ್ಟರ್. ಡೀಸೆಲ್ ಎಂಜಿನ್ನಿಗೆ ಎಣ್ಣೆ ಚಿಮ್ಮಿಸುವ ಪಂಪು, ಸ್ಪಾರ್ಕ್ ಪ್ಲಗ್ಗು ಇವೆಲ್ಲ ತಯಾರಾಗುತ್ತಿದ್ದ ಕಾರ್ಖಾನೆ ಅದು. ಜರ್ಮನಿಯ ಬಾಷ್ ಕಂಪನಿಯ ಪಾಲಿದ್ದದ್ದು. ಅಲ್ಲಿ ಕೂದಲೆಳೆ ಅಂದರೂ ದಪ್ಪವೇ. ಮನೆಗೆ ಬಂದ ಮೇಲೂ ಮಾವನ ಬೆರಳು ಆ ಲೆಕ್ಕ ಬಿಡುತ್ತಿರಲಿಲ್ಲ. ಅತ್ತೆ ಲಟ್ಟಿಸಿದ ಚಪಾತಿಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸುತ್ತಲೂ ಒಮ್ಮೆ ತಿರುಗಿಸಿ ನೋಡಿಯೇ ತಿನ್ನುತ್ತಿದ್ದರು. "ಇದು ನಿಮ್ಮ ಕಾರ್ಖಾನೆ ಅಲ್ಲ ರೀ, ಬಿಸಿ ಇರೋವಾಗಲೇ ತಿನ್ನಿ" ಅಂತ ಅತ್ತೆ ದಿನಾ ಹೇಳುತ್ತಿದ್ದರು.

ಕಾರಿನ ಹುಚ್ಚು ಹತ್ತಿದ್ದು ಒಂದು ಹಳೇ ಪತ್ರಿಕೆಯಿಂದ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡದ್ದು ಅಂತ ನನ್ನ ನೆನಪು. ಮೆಜೆಸ್ಟಿಕ್ ಹತ್ತಿರ ಅಂತ ಅತ್ತೆ ವಾದಿಸುತ್ತಿದ್ದರು. ಎಲ್ಲಾದರೂ ಇರಲಿ. ಇಂಗ್ಲೆಂಡಿನ 'ಮೋಟಾರ್ ಸ್ಪೋರ್ಟ್', 1955ರ ಜೂನ್ ಸಂಚಿಕೆ. ಹೊದಿಕೆ ಕಿತ್ತುಹೋಗಿತ್ತು. ಅದರಲ್ಲಿ ಡೆನಿಸ್ ಜೆಂಕಿನ್‌ಸನ್ ಅನ್ನುವ ಗಡ್ಡದ ಪತ್ರಕರ್ತ, ಇಟಲಿಯ ಮಿಲ್ಲೆ ಮಿಲಿಯಾ ಕಾರು ಓಟದಲ್ಲಿ ತಾನು ಚಾಲಕ ಸ್ಟರ್ಲಿಂಗ್ ಮಾಸ್ ಪಕ್ಕ ಕೂತು ಹೋದ ಕಥೆ ಬರೆದಿದ್ದ. ಮಾವನ ಇಂಗ್ಲಿಷು ಕಾರ್ಖಾನೆಯ ಇಂಗ್ಲಿಷು. ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಆ ಲೇಖನವನ್ನು ದಿನಕ್ಕಿಷ್ಟು ಅಂತ ಓದಿ, ಓದಿದ್ದನ್ನು ಸಂಜೆ ಜಗುಲಿಯ ಮೇಲೆ ನಮಗೆ ಹೇಳುತ್ತಿದ್ದರು.

ಆ ಓಟವೇ ಹಾಗಿತ್ತು. ಅದಕ್ಕೆಂದೇ ಕಟ್ಟಿದ ಟ್ರ್ಯಾಕಿಲ್ಲ, ಊರೂರಿನ ಮಾಮೂಲಿ ರಸ್ತೆ. ಬ್ರೆಷಿಯಾ ಊರಿಂದ ಹೊರಟು, ಪೂರ್ವದ ಕಡಲ ತೀರ ಹಿಡಿದು ಪೆಸ್ಕಾರಾದ ತನಕ ಇಳಿದು, ಬೆಟ್ಟ ದಾಟಿ ರೋಮ್ ಮುಟ್ಟಿ, ಸಿಯೆನಾ, ಫ್ಲಾರೆನ್ಸ್, ಫೂಟಾ ಘಾಟಿ, ಬೊಲೊನ್ಯಾ ಮೇಲಿಂದ ಮತ್ತೆ ಬ್ರೆಷಿಯಾ. ಹೆಚ್ಚುಕಡಿಮೆ 1,600 ಕಿಲೋಮೀಟರು. ಕಾರುಗಳನ್ನು ಒಂದೊಂದಾಗಿ ಬಿಡುತ್ತಿದ್ದರು, ಹೊರಟ ಗಳಿಗೆಯೇ ಕಾರಿನ ನಂಬರು. ಮಾಸ್ ಹೊರಟದ್ದು ಮೇ 1ರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ, ಬೆಳ್ಳಿ ಬಣ್ಣದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಮೈಮೇಲೆ ಕೆಂಪು ಅಂಕಿಯಲ್ಲಿ 722. ಸಂಜೆ ಹಿಂತಿರುಗಿದಾಗ ಆಗಿದ್ದ ಹೊತ್ತು 10 ಗಂಟೆ 7 ನಿಮಿಷ 48 ಸೆಕೆಂಡು. ಗಂಟೆಗೆ ಸರಾಸರಿ 157 ಕಿಲೋಮೀಟರಿಗೂ ಮೇಲೆ, ಅದೂ ಊರೊಳಗಿನ ಓಣಿ, ಚರ್ಚಿನ ಮೂಲೆ, ಸೇತುವೆ, ರೈಲ್ವೆ ಗೇಟು ಎಲ್ಲ ಸೇರಿ. ಆ ದಾಖಲೆ ಕೊನೆಗೂ ಮುರಿಯಲಿಲ್ಲ.

ಮಾವನನ್ನು ಹಿಡಿದುಕೊಂಡದ್ದು ವೇಗ ಅಲ್ಲ, ಎರಡು ಬೇರೆ ಸಂಗತಿ. ಒಂದು, ಆ ಕಾರಿನ ಎಂಜಿನ್ನು. ಸಾಲಾಗಿ ಎಂಟು ಸಿಲಿಂಡರು, 2,982 ಸಿಸಿ. ಬಾನೆಟ್ ತಗ್ಗಿರಲಿ ಅಂತ ಇಡೀ ಎಂಜಿನ್ನನ್ನು 33 ಡಿಗ್ರಿ ವಾಲಿಸಿ ಕೂರಿಸಿದ್ದರು. ಕಾರ್ಬ್ಯುರೇಟರ್ ಇಲ್ಲ, ಬಾಷ್ ಪಂಪು ಪೆಟ್ರೋಲನ್ನು ಸೀದಾ ಸಿಲಿಂಡರಿನೊಳಕ್ಕೆ ಚಿಮ್ಮಿಸುತ್ತಿತ್ತು. "ನಮ್ಮ ಪಂಪು ಕಣೋ ಪುಟ್ಟಾ, ನಮ್ಮ ಪಂಪು!" ಅಂತ ತೊಡೆ ತಟ್ಟಿದ್ದು ಈಗಲೂ ಕಿವಿಯಲ್ಲಿದೆ. ಇನ್ನೊಂದು, ಜೆಂಕಿನ್‌ಸನ್‌ನ ಕಾಗದದ ಸುರುಳಿ. ದಾರಿಯನ್ನು ಮುಂಚೆಯೇ ಸುತ್ತಿ, ಯಾವ ತಿರುವು ಎಂಥದು, ಯಾವ ದಿಬ್ಬದಾಚೆ ರಸ್ತೆ ನೆಟ್ಟಗಿದೆ ಅಂತ ಅವನು 18 ಅಡಿ ಉದ್ದದ ಕಾಗದದಲ್ಲಿ ಬರೆದುಕೊಂಡಿದ್ದ. ಅದನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು, ಪಾರದರ್ಶಕ ಕಿಟಕಿಯ ಕೆಳಗೆ ಸುತ್ತುತ್ತಾ ಹೋದ. ಎಂಜಿನ್ ಗದ್ದಲದಲ್ಲಿ ಮಾತು ಕೇಳದು, ಹಾಗಾಗಿ ಇಬ್ಬರೂ ಹದಿನೈದು ಕೈಸನ್ನೆ ಗೊತ್ತುಮಾಡಿಕೊಂಡಿದ್ದರು. ಅವನ ಕೈಸನ್ನೆ ನಂಬಿ ಮಾಸ್, ಕಣ್ಣಿಗೆ ಕಾಣದ ದಿಬ್ಬದಾಚೆಗೆ ಕಾಲು ಸಡಿಲಿಸದೆ ಹಾರಿಸುತ್ತಿದ್ದ. ನಡುವೆ ಜೆಂಕಿನ್‌ಸನ್‌ಗೆ ಹೊಟ್ಟೆ ತೊಳಸಿ ಪಕ್ಕಕ್ಕೆ ಬಾಗಿದಾಗ ಕನ್ನಡಕ ಗಾಳಿಗೆ ಹಾರಿಹೋಯಿತು. ಪುಣ್ಯಕ್ಕೆ ಇನ್ನೊಂದು ಜೊತೆ ಇಟ್ಟುಕೊಂಡಿದ್ದ. ಇಲ್ಲಿಗೆ ಬಂದಾಗಲೆಲ್ಲ ಮಾವ ತಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುತ್ತಿದ್ದರು.

ಆ ಕಾರನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಮಾಡುತ್ತೇನೆ ಅಂತ ಹೊರಟರು. 4.3 ಮೀಟರಿನ ಕಾರು ಹದಿನಾಲ್ಕು ಅಂಗುಲ ಚಿಲ್ಲರೆಗೆ ಬರುತ್ತದೆ. ಪೆಟ್ಟಿಗೆ ಕೊಂಡು ತುಂಡು ಅಂಟಿಸುವ ಮಾತಲ್ಲ. ಆಗ ಅಂಥ ಪೆಟ್ಟಿಗೆ ನಮ್ಮ ಕೈಗೆಲ್ಲಿ ಸಿಗಬೇಕು? ನಕ್ಷೆಯೂ ಇರಲಿಲ್ಲ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2,370 ಮಿಲಿಮೀಟರು ಅನ್ನುವುದು ಎಲ್ಲಿಂದಲೋ ಸಿಕ್ಕಿತ್ತು. ಪಕ್ಕದಿಂದ ತೆಗೆದ ಫೋಟೋದಲ್ಲಿ ಅದೇ ಅಂತರವನ್ನು ಡಿವೈಡರಿನಲ್ಲಿ ಹಿಡಿದು, ಆ ಲೆಕ್ಕದ ಮೇಲೆ ಉಳಿದ ಎಲ್ಲ ಅಳತೆ ತೆಗೆದರು. ಹತ್ತಿರದ ಚಕ್ರ ಫೋಟೋದಲ್ಲಿ ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಬಿದ್ದಿರುತ್ತದಲ್ಲ, ಅದನ್ನೂ ಕಳೆಯಬೇಕು ಕೂಡಬೇಕು. ಅಡುಗೆಮನೆ ಕ್ಯಾಲೆಂಡರಿನ ಹಿಂಬದಿಯಲ್ಲೆಲ್ಲ ಮಾವನ ಲೆಕ್ಕ. ಹಾಲಿನವನ ಲೆಕ್ಕಕ್ಕೆ ಜಾಗವಿಲ್ಲದೆ ಅತ್ತೆ ಗೋಡೆಯ ಮೇಲೆ ಬರೆದುಕೊಳ್ಳುವಂತಾಯಿತು.

ಶಿವನೆ ಮರದ ತುಂಡಿನಲ್ಲಿ ಮೊದಲು ಕಾರಿನ ಆಕಾರ ಕೆತ್ತಿದರು. ಅದರ ಮೇಲೆ ಅಲ್ಯೂಮಿನಿಯಂ ತಗಡು ಬಡಿದು ಮೈ ಎಬ್ಬಿಸುವುದು. ಅಸಲಿ ಕಾರಿನ ಮೈ ಮೆಗ್ನೀಸಿಯಂ ಮಿಶ್ರಲೋಹದ್ದು, ತೂಕ ಇಳಿಸಲು. ನಮಗೆ ಅಲ್ಯೂಮಿನಿಯಮ್ಮೇ ಗತಿ. ಬಡಿದಷ್ಟೂ ತಗಡು ಗಡುಸಾಗಿ ಸೀಳುತ್ತದೆ, ಮೆತ್ತಗಾಗಲು ಕಾಯಿಸಬೇಕು. ಆದರೆ ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಸೂಚನೆ ಕೊಡುವುದಿಲ್ಲ, ನೋಡನೋಡುತ್ತ ಕರಗಿ ಇಳಿದುಬಿಡುತ್ತದೆ. ಅದಕ್ಕೊಂದು ಉಪಾಯವಿದೆ. ಬಟ್ಟೆ ಒಗೆಯುವ ಬಾರ್ ಸೋಪನ್ನು ತಗಡಿನ ಮೇಲೆ ಉಜ್ಜಿ ಕೆಂಡದ ಮೇಲೆ ಹಿಡಿಯುವುದು. ಸೋಪಿನ ಗೆರೆ ಕಂದಾಗಿ ಕಪ್ಪಿಗೆ ತಿರುಗಿದ ಕೂಡಲೇ ತೆಗೆದುಬಿಡಬೇಕು, ಹದ ಬಂತು ಅಂತ ಅರ್ಥ.

ಬಚ್ಚಲ ಮನೆಯ ಹಂಡೆ ಒಲೆಯೇ ನಮ್ಮ ಕುಲುಮೆ. ಹೊರಗೆ ಆಷಾಢದ ಗಾಳಿ, ಜಿಟಿಜಿಟಿ ಮಳೆ. ಒಳಗೆ ಒಲೆಯ ಮುಂದೆ ಮಣೆ ಹಾಕಿಕೊಂಡು ಮಾವ ಇಕ್ಕಳದಲ್ಲಿ ತಗಡು ಹಿಡಿದಿರುತ್ತಿದ್ದರು, ನಾನು ಅದೇ ಕೆಂಡದ ಅಂಚಿನಲ್ಲಿ ಹಲಸಿನ ಬೀಜ ಸುಡುತ್ತಿದ್ದೆ. ಬೀಜ ಪಟ್ ಅಂತ ಸಿಡಿದಾಗ ಮಾವನ ಕೈ ಅಲುಗಿದರೆ ನನಗೆ ಬೈಗುಳ. ಬೀಜ ಸುಲಿದು ಉಪ್ಪು ಸವರಿ ಅವರ ಬಾಯಿಗೆ ನಾನೇ ಹಾಕಬೇಕು, ಕೈ ಬಿಡುವಿರಲಿಲ್ಲ. ಸೋಪು ಸುಟ್ಟ ವಾಸನೆ, ಬೀಜ ಸುಟ್ಟ ವಾಸನೆ ಎರಡೂ ಒಟ್ಟಿಗೆ. ಎಷ್ಟು ವಾರ ಹಾಗೆ ಕೂತೆವೋ ನೆನಪಿಲ್ಲ. ಅತ್ತೆಗೆ ಸ್ನಾನಕ್ಕೆ ಬಿಸಿನೀರು ಮಾತ್ರ ಧಾರಾಳ.

ತಗಡು ಎಷ್ಟೇ ತೆಳುವಾಗಿದ್ದರೂ ಹನ್ನೆರಡು ಪಾಲು ಹಿಗ್ಗಿಸಿ ನೋಡಿದರೆ ದಪ್ಪವೇ. ಅರ್ಧ ಮಿಲಿಮೀಟರಿನ ತಗಡೆಂದರೆ ಅಸಲಿ ಕಾರಿನಲ್ಲಿ ಆರು ಮಿಲಿಮೀಟರಿನ ಹಲಗೆ. ಅದಕ್ಕೇ ಚಕ್ರದ ಮೇಲಿನ ಕಮಾನು, ಬಾನೆಟ್ಟಿನ ಅಂಚು, ಕೂರುವ ಜಾಗದ ಸುತ್ತು, ಹೀಗೆ ಕಣ್ಣಿಗೆ ಬೀಳುವ ಅಂಚನ್ನೆಲ್ಲ ಒಳಗಿನಿಂದ ಅರದಲ್ಲಿ ಉಜ್ಜಿ ಸವೆಸಿದರು. ಒಳಗಿನ ದಪ್ಪ ಯಾರಿಗೂ ಕಾಣದು, ಅಂಚು ಮಾತ್ರ ಬ್ಲೇಡಿನಂತೆ. ಮಾದರಿ ಮಾಡುವವರ ಕೈಚಳಕ ಇರುವುದೇ ಇಂಥಲ್ಲಿ ಅಂತ ನಾನು ನಂಬಿದ್ದೇನೆ. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಇಳಿಸಿದರೆ ಸಾಲದು, ಕಣ್ಣು ಎಲ್ಲಿ ಮೋಸ ಹಿಡಿಯುತ್ತದೆ ಅಂತ ತಿಳಿದು ಅಲ್ಲಿ ಶ್ರಮ ಹಾಕಬೇಕು.

ಇನ್ನು ಚಕ್ರ. ಆ ಕಾಲದ ರೇಸು ಕಾರಿಗೆ ಸೈಕಲ್ಲಿನ ಹಾಗೆ ಕಡ್ಡಿ ಚಕ್ರ. ಅಸಲಿ ಕಡ್ಡಿಯನ್ನು ಹನ್ನೆರಡರಿಂದ ಭಾಗಿಸಿದರೆ ಮಿಲಿಮೀಟರಿನ ಮೂರನೇ ಒಂದು ಪಾಲಿಗೆ ಬರುತ್ತದೆ. ತಾಮ್ರದ ತಂತಿ ಬಾಗುತ್ತದೆ, ಹೊಲಿಗೆ ಸೂಜಿ ದಪ್ಪ. ಒಂದು ಸಂಜೆ ಅತ್ತೆ ವೀಣೆ ಶ್ರುತಿ ಮಾಡುತ್ತ ಕೂತಿದ್ದರು. ಮಾವ ಕಾಫಿ ಲೋಟ ಹಿಡಿದು ನಿಂತವರು ನಿಂತೇ ಇದ್ದರು. ತಾಳದ ತಂತಿಗಳಲ್ಲಿ ಎಲ್ಲಕ್ಕಿಂತ ತೆಳುವಾದ ಉಕ್ಕಿನ ತಂತಿಯ ಮೇಲೆ ಅವರ ಕಣ್ಣು. ಮಾರನೇ ದಿನವೇ ಅತ್ತೆಯ ಪೆಟ್ಟಿಗೆಯಲ್ಲಿದ್ದ ಹೆಚ್ಚುವರಿ ತಂತಿ ಮಾಯ. ಆ ಜಗಳ ಬಳೇಪೇಟೆಯ ವಾದ್ಯದ ಅಂಗಡಿಯಿಂದ ಹೊಸ ಸುರುಳಿ ಬಂದ ಮೇಲೆಯೇ ತಣ್ಣಗಾದದ್ದು. ಹಲಗೆಯ ಮೇಲೆ ವೃತ್ತ ಕೊರೆದು, ರಿಮ್ಮನ್ನೂ ನಡುವಿನ ಗುಂಭವನ್ನೂ ಅಲ್ಲಾಡದ ಹಾಗೆ ಕೂರಿಸಿ, ಒಂದು ಸಾಲು ಕಡ್ಡಿ ಮುಂದಿನಿಂದ, ಇನ್ನೊಂದು ಸಾಲು ಹಿಂದಿನಿಂದ ಒಂದಕ್ಕೊಂದು ಅಡ್ಡ ಹಾಯಿಸಿ ಪೋಣಿಸಿದರು. ಮುಗಿದ ಚಕ್ರದ ಕಡ್ಡಿಯನ್ನು ಉಗುರಿನಿಂದ ಮೀಟಿದರೆ ಸಣ್ಣಗೆ ನಾದ ಬರುತ್ತಿತ್ತು. ಅತ್ತೆ ಕಿವಿಗೊಟ್ಟು ಕೇಳಿ, ಯಾವ ಕಡ್ಡಿ ಸಡಿಲ ಅಂತ ಹೇಳಿಬಿಡುತ್ತಿದ್ದರು. ಮಾವ ಮಾತಾಡದೆ ಅದನ್ನು ಬಿಗಿ ಮಾಡುತ್ತಿದ್ದರು.

ಟೈರಿಗೆ ಹೋದದ್ದು ಚನ್ನಪಟ್ಟಣಕ್ಕೆ. ಮಾವನ ಸ್ಕೂಟರು, ಹಿಂದೆ ನಾನು. ಹೊರಡುವ ಹಿಂದಿನ ರಾತ್ರಿ ಮಾವ ನನಗೊಂದು ಡಬ್ಬಿ ಮಾಡಿಕೊಟ್ಟರು: ಊದುಬತ್ತಿ ಪೆಟ್ಟಿಗೆ, ತೊಳೆದ ಎಕ್ಸ್‌ರೇ ಹಾಳೆಯ ಕಿಟಕಿ, ಒಳಗೆ ಎರಡು ಪೆನ್ಸಿಲ್ಲಿಗೆ ಸುತ್ತಿದ ಕಾಗದ. ಮೈಸೂರು ರಸ್ತೆಯ ತಿರುವುಗಳನ್ನೆಲ್ಲ ಅವರೇ ನೆನಪಿನಿಂದ ಹೇಳಿ ಬರೆಸಿದ್ದರು. ಎಡ ತಿರುವಿಗೆ ಎಡ ಭುಜ ತಟ್ಟು, ಬಲಕ್ಕೆ ಬಲ, ದಿಬ್ಬಕ್ಕೆ ಬೆನ್ನಿಗೆ ಒಂದು ಗುದ್ದು. ಕೆಂಗೇರಿ ತನಕ ಸರಿಯಾಗಿತ್ತು. ಆಮೇಲೆ ತುಂತುರು ಹನಿದು ಶಾಯಿ ಇಳಿಯಿತು. ಬಿಡದಿಯಲ್ಲಿ ನಿಲ್ಲಿಸಿ ತಟ್ಟೆ ಇಡ್ಲಿ ತಿಂದೆವು. ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಿತ್ತು, ಮಾವ ಒದ್ದೆ ಕಾಗದವನ್ನು ಹೋಟೆಲಿನ ಒಲೆಯ ಹತ್ತಿರ ಹರಡಿ ಒಣಗಿಸುತ್ತಿದ್ದರು. ಗಲ್ಲಾದ ಮೇಲಿದ್ದವನು "ಏನ್ ಸಾರ್, ಜಾತಕನಾ?" ಅಂತ ಕೇಳಿದ. "ದಾರಿ ಕಣಪ್ಪ" ಅಂದರು ಮಾವ.

ಚನ್ನಪಟ್ಟಣದ ಗೊಂಬೆ ಕೆಲಸ ನೀವು ನೋಡಿರಬಹುದು. ಆಲೆ ಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿಸಿ ಆಕಾರ ತೆಗೆದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿರುಗುವ ತಿಕ್ಕಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಕನ್ನಡಿಯ ಹೊಳಪು. ನಾವು ಹೋದಲ್ಲಿದ್ದ ಹಿರಿಯ ಕಸುಬುದಾರರು ಮಾವನ ಚಿತ್ರ, ಅಳತೆ ನೋಡಿದರು. ಮುಂದಿನ ಟೈರು ತೆಳ್ಳಗೆ, ಹಿಂದಿನದು ದಪ್ಪ, ಎರಡೂ ಎರಡೂಕಾಲು ಅಂಗುಲದ ಆಸುಪಾಸು. ಒಂದು ಮಾತೂ ಕೇಳದೆ ಉಳಿ ಹಿಡಿದರು. ಕಪ್ಪು ಅರಗು ಹಿಡಿಸಿ ತಾಳೆಗರಿಗೆ ಕೈ ಹಾಕಿದಾಗ ಮಾವ "ಸಾಯಿಬ್ರೇ, ಸಾಕು, ಹೊಳಪು ಬೇಡ" ಅಂದರು. ಯಂತ್ರ ನಿಂತಿತು. "ಹೊಳಪು ಬೇಡ್ವಾ ಸ್ವಾಮಿ?" "ರಬ್ಬರು ಹೊಳೆಯಲ್ಲ ನೋಡಿ." ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕೊಡ್ತೀನಿ. ಆದ್ರೆ ಎಲ್ಲಿ ಮಾಡ್ಸಿದ್ರಿ ಅಂತ ಯಾರಾದ್ರೂ ಕೇಳಿದ್ರೆ ಚನ್ನಪಟ್ಟಣ ಅನ್ಬೇಡಿ" ಅಂದರು. ನಾಲ್ಕು ಟೈರಿನ ಜೊತೆಗೆ ಥಳಥಳ ಹೊಳೆಯುವ ಒಂದು ಬುಗುರಿಯನ್ನೂ ನನ್ನ ಕೈಗಿಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ತಮ್ಮ ಕೈಯ ಹೊಳಪು ನಮ್ಮ ಮನೆಯಲ್ಲಿ ಎಲ್ಲಾದರೂ ಇರಲಿ ಅಂತ ಇದ್ದೀತು.

ಬಣ್ಣಕ್ಕೆ ಶ್ರಾವಣದ ಬಿಸಿಲಿಗಾಗಿ ಕಾದೆವು. ಗಾಳಿಯಲ್ಲಿ ತೇವವಿದ್ದರೆ ಲ್ಯಾಕರ್ ಬಣ್ಣ ಬಿಳಿಚಿಕೊಳ್ಳುತ್ತದೆ. ಬೆಳ್ಳಿ ಬಣ್ಣವೋ ಇನ್ನೂ ಕಷ್ಟ. ಅದರೊಳಗಿನ ಲೋಹದ ಪುಡಿ ಒರಟಾದರೆ ಸಣ್ಣ ಕಾರಿನ ಮೇಲೆ ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಮಾವ ಬಣ್ಣವನ್ನು ಹಳೇ ಮಲ್ಲಿನ ಪಂಚೆಯಲ್ಲಿ ಸೋಸಿ ಸೋಸಿ ಇಟ್ಟಿದ್ದರು. ಆ ದಿನಗಳಲ್ಲೇ ನಾನು ಸುರುಳಿ ಬರೆದದ್ದು. ಹದಿನೆಂಟು ಅಡಿ ಹನ್ನೆರಡರಲ್ಲಿ ಹೋದರೆ ಸರಿಯಾಗಿ ಹದಿನೆಂಟು ಅಂಗುಲ. ನನ್ನ ಕಣ್ಣು ಚುರುಕು ಅಂತ ಕೆಲಸ ನನಗೆ ಬಂತು. "ಯಾವ ಭಾಷೇಲಿ ಬರೀಲಿ ಮಾವ?" "ನಮ್ಮ ಕಾರು, ಕನ್ನಡದಲ್ಲೇ ಬರಿ." ವೆರೋನಾ, ರವೆನ್ನಾ, ರಿಮಿನಿ, ಅಂಕೋನಾ ಅಂತ ಊರುಗಳನ್ನೂ, ನಡುನಡುವೆ ಎಡ, ಬಲ, ಜೋಕೆ ಅಂತಲೂ ಸಾಸಿವೆಯಷ್ಟು ಅಕ್ಷರದಲ್ಲಿ ಬರೆದೆ. ಸೀಟಿಗೆ ನೀಲಿ ಚೌಕುಳಿಯ ಬಟ್ಟೆ ಬೇಕಿತ್ತು, ಅಸಲಿನಲ್ಲಿ ಹಾಗೇ ಇತ್ತು. ಸಣ್ಣ ಚೌಕುಳಿಯ ಕರವಸ್ತ್ರ ಹುಡುಕಿ ಅತ್ತೆಯೇ ಹೊಲಿದರು.

ಕಾರು ಮುಗಿದ ದಿನ ಭಾನುವಾರ. ಜಗುಲಿಯ ಮೇಲೆ ಬಿಳಿ ಪಂಚೆ ಹಾಸಿ ಇಟ್ಟರು. ಅತ್ತೆ ಕೇಸರಿಬಾತು, ಉಪ್ಪಿಟ್ಟು ಮಾಡಿದ್ದರು. ಬೀದಿಯವರೆಲ್ಲ ಬಂದರು. ಬೆಳ್ಳಿ ಮೈ, ಕೆಂಪು ಅಂಕಿ, ಬಲಗಡೆ ಎರಡು ಹೊಗೆ ಕೊಳವೆ. ಬಾನೆಟ್ ಎತ್ತಿದರೆ ವಾಲಿ ಮಲಗಿದ ಎಂಜಿನ್ನು, ಅದರ ಪಕ್ಕ ಹಿತ್ತಾಳೆಯ ಪಂಪು. ಪಕ್ಕದ ಮನೆಯ ಹಸುವಿನ ಯಜಮಾನರು ಕೈಕಟ್ಟಿ ನಿಂತು, "ಕಂಪನಿಯವರೂ ಹಿಂಗೆ ಮಾಡ್ತಾರೋ ಇಲ್ವೋ" ಅಂದರು. ಮಾವ ನಗಲಿಲ್ಲ. ಎಲ್ಲರೂ ತಿಂದು ಮುಗಿಸುವ ತನಕ ಕಾದು, ಅವರ ಹತ್ತಿರ "ಒಂದು ಹಿಡಿ ಹುಲ್ಲು ಕೊಡ್ತೀರಾ?" ಅಂತ ಕೇಳಿದರು.

ಹುಲ್ಲು ಬಂತು, ಒಣಗಿದ ಬತ್ತದ ಹುಲ್ಲು. ಮಾವ ಅದನ್ನು ಬೆರಳುದ್ದಕ್ಕೆ ಮಡಚಿ, ದಾರ ಸುತ್ತಿ ಬಿಗಿಯಾದ ಪೆಂಡಿ ಕಟ್ಟಿದರು. ಕಾರನ್ನು ತೊಡೆಯ ಮೇಲಿಟ್ಟುಕೊಂಡರು. ಮೂತಿಗೆ ಆ ಪೆಂಡಿಯನ್ನಿಟ್ಟು ಅದರ ಮೇಲೆ ಹೆಬ್ಬೆರಳೂರಿ ಒತ್ತಿದರು. ಅಯ್ಯೋ ಅಂತ ಯಾರೋ ಕೂಗಿದರು. ನಾನೇ ಇರಬೇಕು, ಅಥವಾ ಅತ್ತೆ. ತಗಡು ಟಕ್ ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ. ಅಷ್ಟು ತಿಂಗಳ ಕೆಲಸದ ಮೂತಿ ಜಜ್ಜಿ ಒಳಗೆ ಹೋಗಿತ್ತು.

"ಪಾದುವಾದಲ್ಲಿ" ಅಂತ ಮಾವ ಮೆಲ್ಲಗೆ ಶುರುಮಾಡಿದರು. ಓಟದ ಮೊದಲ ಪಾಲಿನಲ್ಲೇ ಪಾದುವಾ ಊರಿನ ಒಂದು ತಿರುವಿನಲ್ಲಿ ಮಾಸ್ ವೇಗ ಇಳಿಸಲಾಗದೆ ಅಂಚಿನ ಹುಲ್ಲಿನ ಪೆಂಡಿಗೆ ಬಡಿದಿದ್ದ. ಜಜ್ಜಿದ ಮೂತಿಯಲ್ಲೇ ಉಳಿದ ದಾರಿಯನ್ನೆಲ್ಲ ಓಡಿ ಗೆದ್ದದ್ದು. "ಇದು ಅಂಗಡಿಯಲ್ಲಿ ನಿಂತ ಕಾರಲ್ಲ. ಸಂಜೆ ಬ್ರೆಷಿಯಾಕ್ಕೆ ಬಂದು ನಿಂತ ಕಾರು. ಕಲ್ಲಿಗೆ ಬಡಿದರೆ ಜಜ್ಜು ಚೂಪಾಗಿರುತ್ತೆ, ಹುಲ್ಲಿಗೆ ಬಡಿದರೆ ಅಗಲ, ಮೆತ್ತಗೆ. ಸುತ್ತಿಗೆ ಬಳಸೋ ಹಾಗಿಲ್ಲ." ಆಮೇಲೆ ಅತ್ತೆಯ ಕಾಡಿಗೆ ತರಿಸಿ ಹೊಗೆ ಕೊಳವೆಯ ಹಿಂದಕ್ಕೆ ಬೆರಳಲ್ಲಿ ತೀಡಿದರು. ಹಿತ್ತಲ ಮಣ್ಣನ್ನು ಸೋಸಿ ಚಕ್ರದ ಕಮಾನಿಗೆ ಊದಿದರು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಹಸುವಿನ ಯಜಮಾನರು ಮಾತ್ರ ಕೂತು ಪೂರ್ತಿ ನೋಡಿದರು. ಹೊಚ್ಚ ಹೊಸದಾಗಿದ್ದಾಗ ಅದು ಚೆಂದದ ವಸ್ತು. ಆ ಜಜ್ಜು ಬಿದ್ದ ಮೇಲೆ ಅದರಲ್ಲಿ ಇಬ್ಬರು ಮನುಷ್ಯರು ಹತ್ತು ಗಂಟೆ ಕೂತು ಬಂದಿದ್ದಾರೆ ಅನ್ನಿಸಿತು ನನಗೆ. ಈಗಲೂ ಗಾಜಿನ ಕಪಾಟಿನಲ್ಲಿ ಮಿರುಗುವ ಮಾದರಿ ಕಾರು ಕಂಡರೆ, ಇದು ಯಾವ ದಿನದ ಕಾರು ಅಂತ ಮೊದಲು ಹುಡುಕುತ್ತೇನೆ.

ಅದೇ 1955ರ ಜೂನಿನಲ್ಲಿ ಲ ಮಾನ್ ಓಟದಲ್ಲಿ ಇಂಥದೇ ಇನ್ನೊಂದು ಮರ್ಸಿಡಿಸ್ ಜನರ ಮೇಲೆ ಹಾರಿ 80ಕ್ಕೂ ಹೆಚ್ಚು ಮಂದಿ ಸತ್ತರು. ವರ್ಷದ ಕೊನೆಗೆ ಕಂಪನಿ ಓಟ ಬಿಟ್ಟಿತು. 1957ರಲ್ಲಿ ಫೆರಾರಿಯೊಂದು ಗುಂಪಿಗೆ ನುಗ್ಗಿ ಮಕ್ಕಳೂ ಸೇರಿ ಹಲವರು ಹೋದ ಮೇಲೆ ಮಿಲ್ಲೆ ಮಿಲಿಯಾ ಓಟವೂ ನಿಂತಿತು. ಇವನ್ನೂ ಮಾವ ನಮಗೆ ಹೇಳಿದ್ದರು. ಲ ಮಾನ್ ಕಾರು ಮಾಡಿಕೊಡಿ ಅಂತ ಕಾರ್ಖಾನೆಯ ಯಾರೋ ಕೇಳಿದಾಗ ಕೈ ಮುಗಿದುಬಿಟ್ಟರು.

ಅವರ ಮನಸ್ಸು ಹೋದದ್ದು 658ನೇ ನಂಬರಿನ ಮೇಲೆ. ಅದು ಹುವಾನ್ ಮ್ಯಾನುಯೆಲ್ ಫಾಂಜಿಯೊನ ಕಾರು. ಮಾಸ್‌ಗಿಂತ ಅರ್ಧ ಗಂಟೆಗೂ ಹೆಚ್ಚು ಹಿಂದೆ, ಎರಡನೆಯವನಾಗಿ ಬಂದ. ಪಕ್ಕದಲ್ಲಿ ಯಾರೂ ಇಲ್ಲ, ಸುರುಳಿಯೂ ಇಲ್ಲ, ಅಷ್ಟು ದೂರವೂ ಒಬ್ಬನೇ. ಅದೂ ದಾರಿಯಲ್ಲಿ ಇಂಜೆಕ್ಷನ್ ಪೈಪು ಒಂದು ತುಂಡಾಗಿ, ಎಂಟರಲ್ಲಿ ಏಳೇ ಸಿಲಿಂಡರಿನಲ್ಲಿ ಓಡಿಸಿಕೊಂಡು ಬಂದಿದ್ದ. ಪಂಪಿನ ಪೈಪು ತುಂಡಾದ ಸುದ್ದಿ ಓದಿದ ಮೇಲೆ ಮೈಕೋ ಫಿಟ್ಟರಿಗೆ ನಿದ್ದೆ ಎಲ್ಲಿಂದ ಬರಬೇಕು? ದೀಪಾವಳಿ ಕಳೆಯುವಷ್ಟರಲ್ಲಿ ಶಿವನೆ ಮರದ ಮೇಲೆ ಮತ್ತೆ ತಗಡು ಏರಿತ್ತು. ತಾಮ್ರದ ತಂತಿಯಲ್ಲಿ ಎಂಟು ಪೈಪು ಬಾಗಿಸಿ, ಅದರಲ್ಲೊಂದನ್ನು ಎಲ್ಲಿ ಕತ್ತರಿಸಬೇಕು ಅಂತ ಮಾವ ಯೋಚಿಸುತ್ತ ಕೂತಿದ್ದರು. ಅತ್ತೆ ಹಂಡೆ ಒಲೆಗೆ ತೆಂಗಿನ ಮಟ್ಟೆ ತುರುಕುತ್ತ, "ಇದಕ್ಕೂ ಕಡ್ಡಿ ಚಕ್ರನೇನ್ರೀ?" ಅಂದರು.

"ಹೌದು ಕಣೇ, ನಾಲ್ಕು."

"ಹಂಗಾದ್ರೆ ಬಳೇಪೇಟೆಯಿಂದ ಈ ಸಲ ಎರಡು ಸುರುಳಿ ತನ್ನಿ. ನನ್ನ ವೀಣೆದೂ ನಿನ್ನೆ ಕಿತ್ತುಹೋಯ್ತು."